ಗೆಡ್ಡೆಯ ಅಂಚಿನಲ್ಲೊಂದು ಗರಡಿಮನೆ: ವರದಿಯ ಆ ಒಂದು ಸಾಲನ್ನು ಹೇಗೆ ಓದಬೇಕು?

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ. ಚನ್ನಗಿರಿ ತಾಲ್ಲೂಕಿನಲ್ಲಿ ನಮ್ಮದು ಅಡಿಕೆ ತೋಟ. ಇಪ್ಪತ್ತನೆಯ ವಯಸ್ಸಿನಿಂದ ಅವರಿಗೆ ಎಲೆ ಅಡಿಕೆ, ಹೊಗೆಸೊಪ್ಪಿನ ಅಭ್ಯಾಸ. ಬೀಡಿ, ಕುಡಿತ ಇಲ್ಲ. ಎಡಗೆನ್ನೆಯ ಒಳಗಿನ ಹುಣ್ಣು ಕ್ಯಾನ್ಸರ್ ಎಂದು ಗೊತ್ತಾಗಿ 24 ದಿನಗಳ ಹಿಂದೆ ಆಪರೇಷನ್ ಆಯಿತು. ಗೆಡ್ಡೆ 3.2 ಸೆಂ.ಮೀ., ಆಳ 8 ಮಿ.ಮೀ., ಹತ್ತಿರದ ಅಂಚು 6 ಮಿ.ಮೀ. ದೂರವಿದ್ದು ಸ್ವಚ್ಛವಾಗಿದೆ, ನರದ ಸುತ್ತ ಹಬ್ಬಿದೆ, ಕುತ್ತಿಗೆಯ ಎಡಭಾಗದಿಂದ ತೆಗೆದ 34 ಗ್ರಂಥಿಗಳ ಪೈಕಿ 2ರಲ್ಲಿ ಕ್ಯಾನ್ಸರ್ ಇದೆ, ಆದರೆ ಗ್ರಂಥಿಯ ಕವಚ ಒಡೆದಿಲ್ಲ ಎಂದು ವರದಿ ಹೇಳುತ್ತದೆ. ಕೊನೆಯಲ್ಲಿ ‘ಜರ್ಮಿನಲ್ ಸೆಂಟರ್ ಇರುವ ಟರ್ಷಿಯರಿ ಲಿಂಫಾಯ್ಡ್ ಸ್ಟ್ರಕ್ಚರ್‌ಗಳು ಕಂಡುಬಂದಿವೆ’ ಎಂಬ ಸಾಲಿದೆ. ಇವು ಇದ್ದವರು ಹೆಚ್ಚು ಕಾಲ ಬದುಕುತ್ತಾರೆಂದು ನನ್ನ ತಮ್ಮ ಎಲ್ಲೋ ಓದಿ, ವೈದ್ಯರು ಹೇಳಿದ 30 ದಿನಗಳ ಕರೆಂಟ್ (ವಿಕಿರಣ ಚಿಕಿತ್ಸೆ) ಬೇಡ ಎನ್ನುತ್ತಿದ್ದಾನೆ. ಇದು ಗ್ರಂಥಿಗಳಲ್ಲೇ ಹುಟ್ಟಿದ ಇನ್ನೊಂದು ಕ್ಯಾನ್ಸರ್ ಎಂದು ದೊಡ್ಡಪ್ಪ ಹೆದರಿದ್ದಾರೆ. 34 ಗ್ರಂಥಿ ತೆಗೆದ ಮೇಲೆ ನಿರೋಧಕ ಶಕ್ತಿ ಉಳಿಯುತ್ತದೆಯೇ? ಅದನ್ನು ಹೆಚ್ಚಿಸುವ ಪುಡಿ, ಮಾತ್ರೆ ಕೊಡಬಹುದೇ? ತೋಟ ಅಡವಿಟ್ಟಾದರೂ ಇಮ್ಯುನೊಥೆರಪಿ (ದೇಹದ ನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಬಳಸುವ ಚಿಕಿತ್ಸೆ) ಕೊಡಿಸಬೇಕೇ? ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ಹಾಕಿಕೊಳ್ಳುತ್ತೇನೆ ಎನ್ನುತ್ತಾರೆ ಅಪ್ಪ, ಅದು ಸರಿಯೇ?

ಉತ್ತರ: ಇಡೀ ವರದಿಯಲ್ಲಿ ನಿಮ್ಮ ಮನೆಯವರನ್ನು ಎರಡು ದಿಕ್ಕಿಗೆ ಎಳೆದಿರುವುದು ಆ ಕೊನೆಯ ಸಾಲು. ತಮ್ಮನಿಗೆ ಅದು ಬಿಡುಗಡೆಯ ಪತ್ರದಂತೆ ಕಂಡಿದೆ, ದೊಡ್ಡಪ್ಪನವರಿಗೆ ಹೊಸ ಕಾಯಿಲೆಯ ಹೆಸರಿನಂತೆ ಕೇಳಿಸಿದೆ. ಎರಡೂ ಅಲ್ಲ. ಅದು ಒಳ್ಳೆಯ ಲಕ್ಷಣ ಎನ್ನುವುದು ನಿಜ. ಆದರೆ ನಿಮ್ಮ ತಂದೆಯವರ ಚಿಕಿತ್ಸೆಯನ್ನು ಬದಲಾಯಿಸುವ ತೂಕ ಅದಕ್ಕೆ ಇವತ್ತಿನ ಮಟ್ಟಿಗೆ ಇಲ್ಲ. ಇಂಥ ಸ್ಲೈಡುಗಳನ್ನು ದಿನವೂ ನೋಡುವ ರೋಗಶಾಸ್ತ್ರ ವೈದ್ಯನಾಗಿ, ಆ ಸಾಲು ಬರೆದವರಿಗೆ ಸೂಕ್ಷ್ಮದರ್ಶಕದಡಿ ಏನು ಕಂಡಿರುತ್ತದೆ ಎಂಬಲ್ಲಿಂದಲೇ ಆರಂಭಿಸುತ್ತೇನೆ.

ಆಪರೇಷನ್‌ನಲ್ಲಿ ತೆಗೆದ ಭಾಗವನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳುವಾದ ಪದರಗಳಾಗಿ ಕೊಯ್ದು, ಗಾಜಿನ ಮೇಲಿಟ್ಟು ಬಣ್ಣ ಹಾಕುತ್ತೇವೆ. ಕೆನ್ನೆಯ ಕ್ಯಾನ್ಸರ್ ಗುಲಾಬಿ ಬಣ್ಣದ ಜೀವಕೋಶಗಳ ಗುಂಪುಗಳಾಗಿ, ನಡುನಡುವೆ ಈರುಳ್ಳಿಯನ್ನು ಅಡ್ಡ ಕೊಯ್ದಾಗ ಕಾಣುವಂಥ ಸುತ್ತುಗಳೊಂದಿಗೆ, ಸ್ನಾಯುವಿನೊಳಗೆ ಬೆರಳು ಚಾಚಿದಂತೆ ಇಳಿದಿರುತ್ತದೆ. ಅದರ ಅಂಚಿನಲ್ಲಿ ಕೆಲವೊಮ್ಮೆ ಗಾಢ ನೀಲಿ ಚುಕ್ಕೆಗಳ ಸಾಲು ಕಾಣುತ್ತದೆ. ಆ ಚುಕ್ಕೆಗಳೇ ಲಿಂಫೋಸೈಟ್‌ಗಳು, ಅಂದರೆ ಬಿಳಿ ರಕ್ತಕಣಗಳ ಒಂದು ಜಾತಿ. ಬಹಳಷ್ಟು ರೋಗಿಗಳಲ್ಲಿ ಅವು ಚದುರಿಕೊಂಡಿರುತ್ತವೆ. ಕೆಲವರಲ್ಲಿ ಮಾತ್ರ ಒಂದೆಡೆ ಸೇರಿ ದುಂಡಗೆ ಗುಂಪು ಕಟ್ಟಿಕೊಂಡಿರುತ್ತವೆ, ಹೊರಗೆ ದಟ್ಟ ನೀಲಿಯ ಬಳೆ, ಒಳಗೆ ತಿಳಿಯಾದ ನಡುಭಾಗ. ಆ ತಿಳಿ ನಡುಭಾಗವೇ ನಿಮ್ಮ ವರದಿಯ ಜರ್ಮಿನಲ್ ಸೆಂಟರ್. ಲೆನ್ಸ್ ಬದಲಿಸಿ ಹತ್ತಿರದಿಂದ ನೋಡಿದರೆ ಅಲ್ಲಿ ಜೀವಕೋಶಗಳು ಒಡೆದು ಎರಡಾಗುತ್ತಿರುವುದು ಕಾಣುತ್ತದೆ. ಪಳಗದ ಕೋಶಗಳು ಸಾಯುತ್ತಿರುವುದೂ, ಆ ಸತ್ತ ಚೂರುಗಳನ್ನು ದೊಡ್ಡ ಕೋಶಗಳು ನುಂಗುತ್ತಿರುವುದೂ ಕಾಣುತ್ತದೆ.

ನಮ್ಮ ಕುತ್ತಿಗೆ, ಕಂಕುಳು, ತೊಡೆಸಂದಿಯ ದುಗ್ಧಗ್ರಂಥಿಗಳು ಹುಟ್ಟಿನಿಂದಲೇ ಇರುವ ಗರಡಿಮನೆಗಳು. ಲಿಂಫೋಸೈಟ್‌ಗಳ ಎರಡು ಬಗೆಗಳಾದ ಬಿ ಕೋಶಗಳೂ ಟಿ ಕೋಶಗಳೂ ಯಾವ ವೈರಿಯನ್ನು ಗುರುತಿಸಬೇಕೆಂದು ಕಲಿತು ಪಳಗುವುದು ಅಲ್ಲಿ. ಕೆಲವರ ದೇಹ, ಕಾಳಗ ನಡೆಯುತ್ತಿರುವ ಗೆಡ್ಡೆಯ ಪಕ್ಕದಲ್ಲೇ ಹೊಸದೊಂದು ಗರಡಿಯನ್ನು ಕಟ್ಟಿಕೊಳ್ಳುತ್ತದೆ. ಬಹುಕಾಲದ ಉರಿಯೂತದಿಂದ ಅಲ್ಲಿನ ಕೋಶಗಳು ಸಿಎಕ್ಸ್‌ಸಿಎಲ್13 ಎಂಬ ರಾಸಾಯನಿಕವನ್ನು ಸೂಸುತ್ತವೆ, ಅದರ ಸೆಳೆತಕ್ಕೆ ಬಿ ಕೋಶಗಳು ಬಂದು ಸೇರುತ್ತವೆ, ಪಕ್ಕದಲ್ಲಿ ಟಿ ಕೋಶಗಳ ವಲಯ ರೂಪುಗೊಳ್ಳುತ್ತದೆ, ರಕ್ತದಿಂದ ಲಿಂಫೋಸೈಟ್‌ಗಳನ್ನು ಒಳಗೆ ಬಿಟ್ಟುಕೊಳ್ಳುವ ವಿಶೇಷ ರಕ್ತನಾಳಗಳೂ ಬೆಳೆಯುತ್ತವೆ. ಇಡೀ ಏರ್ಪಾಡಿನ ಹೆಸರು ಟರ್ಷಿಯರಿ ಲಿಂಫಾಯ್ಡ್ ಸ್ಟ್ರಕ್ಚರ್. ನಾವು ಚಿಕ್ಕದಾಗಿ ಟಿಎಲ್‌ಎಸ್ ಎನ್ನುತ್ತೇವೆ. ದೊಡ್ಡಪ್ಪನವರಿಗೆ ದಯವಿಟ್ಟು ಹೇಳಿ: ಇದು ಇನ್ನೊಂದು ಕ್ಯಾನ್ಸರ್ ಅಲ್ಲ, ಕೀವೂ ಅಲ್ಲ. ಅವರ ತಮ್ಮನ ದೇಹ ಕ್ಯಾನ್ಸರನ್ನು ಗುರುತಿಸಿ ಸೆಣಸಿದ್ದರ ಗುರುತು.

ಈಗ ನಿಮ್ಮ ತಮ್ಮ ಓದಿದ ವಿಷಯಕ್ಕೆ ಬರುತ್ತೇನೆ. ಅವರು ಓದಿದ್ದು ಸುಳ್ಳಲ್ಲ. 2008ರಲ್ಲಿ ಫ್ರಾನ್ಸ್‌ನ ಸಂಶೋಧಕರು ಆರಂಭಿಕ ಹಂತದ ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಇಂಥ ರಚನೆಗಳು ಹೆಚ್ಚಿದ್ದವರು ಹೆಚ್ಚು ಕಾಲ ಬದುಕಿದ್ದನ್ನು ತೋರಿಸಿದರು. 2020ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಮೂರು ತಂಡಗಳು ಒಟ್ಟಿಗೆ, ಚರ್ಮದ ಮೆಲನೋಮಾ, ಮೂತ್ರಪಿಂಡದ ಕ್ಯಾನ್ಸರ್ ಮತ್ತು ಸಾರ್ಕೋಮಾಗಳಲ್ಲಿ (ಸ್ನಾಯು, ಕೊಬ್ಬಿನಂಥ ಅಂಗಾಂಶಗಳ ಕ್ಯಾನ್ಸರ್) ಈ ರಚನೆಗಳಿಗೂ ಇಮ್ಯುನೊಥೆರಪಿ ಫಲಿಸುವುದಕ್ಕೂ ಇರುವ ನಂಟನ್ನು ಪ್ರಕಟಿಸಿದ ಮೇಲೆ ಇಡೀ ಕ್ಯಾನ್ಸರ್ ಲೋಕದ ಗಮನ ಇತ್ತ ಹರಿಯಿತು. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ನಲ್ಲಿ 2021ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ತಂಡ ಬಿ ಕೋಶಗಳನ್ನೂ ಈ ರಚನೆಗಳನ್ನೂ ವಿವರವಾಗಿ ಅಧ್ಯಯನ ಮಾಡಿ, ಜರ್ಮಿನಲ್ ಸೆಂಟರ್ ಇರುವ ಪಕ್ವ ರಚನೆಗಳು ಇದ್ದಲ್ಲಿ ಫಲಿತಾಂಶ ಉತ್ತಮ ಎಂದು ಕಂಡಿತು. ಬಾಯಿಯ ಕ್ಯಾನ್ಸರ್ ಕುರಿತು ನಾರ್ವೆಯಲ್ಲೂ ಚೀನಾದಲ್ಲೂ ನಡೆದ ಅಧ್ಯಯನಗಳ ಒಲವೂ ಇದೇ ಕಡೆಗಿದೆ.

ಹಾಗಿದ್ದರೆ ಇದನ್ನೇ ನಂಬಿ ಕರೆಂಟ್ ಬಿಡಬಾರದೇಕೆ? ಮೊದಲನೆಯದಾಗಿ, ಈ ಅಧ್ಯಯನಗಳಲ್ಲಿ ಟಿಎಲ್‌ಎಸ್ ಇದ್ದವರು ಚಿಕಿತ್ಸೆ ಬಿಟ್ಟು ಬದುಕಿದವರಲ್ಲ, ತಮ್ಮ ಹಂತಕ್ಕೆ ಬೇಕಾದ ಆಪರೇಷನ್, ಕರೆಂಟ್, ಕೀಮೋ ಪಡೆದವರು. ಅಂಥವರ ನಡುವೆ ಹೋಲಿಸಿದಾಗ ಒಂದು ಗುಂಪಿನ ಸರಾಸರಿ ಫಲಿತಾಂಶ ಇನ್ನೊಂದಕ್ಕಿಂತ ಚೆನ್ನಾಗಿತ್ತು ಎಂದಷ್ಟೇ ಅರ್ಥ. ಟಿಎಲ್‌ಎಸ್ ಇದೆಯೆಂದು ಕೆಲವರಿಗೆ ಕರೆಂಟ್ ತಪ್ಪಿಸಿ, ಅವರು ಸುರಕ್ಷಿತವಾಗಿ ಉಳಿದರೇ ಎಂದು ನೋಡಿ ತೀರ್ಮಾನಿಸಿದ್ದಲ್ಲ. ಗುಂಪಿನ ಸರಾಸರಿ ಒಬ್ಬ ರೋಗಿಯ ಭವಿಷ್ಯವನ್ನು ಹೇಳುವುದೂ ಇಲ್ಲ. ಅಂದವಾದ ಜರ್ಮಿನಲ್ ಸೆಂಟರ್‌ಗಳಿದ್ದ ಗೆಡ್ಡೆ ಮರುಕಳಿಸಿದ್ದನ್ನೂ, ಒಂದೇ ಒಂದು ನೀಲಿ ಗುಂಪೂ ಕಾಣದಿದ್ದವರು ವರ್ಷಗಟ್ಟಲೆ ಆರೋಗ್ಯವಾಗಿರುವುದನ್ನೂ ನಾನು ನೋಡಿದ್ದೇನೆ.

ಎರಡನೆಯದು ಎಣಿಕೆಯ ತೊಡಕು. ಇದು ನಮ್ಮ ಕೋಣೆಯೊಳಗಿನ ಮಾತಾದರೂ ನೀವು ತಿಳಿದಿರುವುದು ಒಳ್ಳೆಯದು. ಗೆಡ್ಡೆಯ ಯಾವ ಭಾಗವನ್ನು ಕೊಯ್ದೆವು, ಎಷ್ಟು ಸ್ಲೈಡ್ ನೋಡಿದೆವು, ಬರೀ ಗುಲಾಬಿ-ನೀಲಿ ಬಣ್ಣದಲ್ಲಿ ನೋಡಿದೆವೇ ಅಥವಾ ಬಿ ಕೋಶಗಳನ್ನು ತೋರಿಸುವ ಸಿಡಿ20, ಜರ್ಮಿನಲ್ ಸೆಂಟರಿನ ಬಲೆಯನ್ನು ತೋರಿಸುವ ಸಿಡಿ21 ಮುಂತಾದ ವಿಶೇಷ ಬಣ್ಣಗಳನ್ನೂ ಹಾಕಿದೆವೇ ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ. ಟಾನ್ಸಿಲ್ ಮತ್ತು ನಾಲಿಗೆಯ ಬುಡದಲ್ಲಂತೂ ಇಂಥ ಅಂಗಾಂಶ ಸಹಜವಾಗಿಯೇ ಇರುವುದರಿಂದ, ಯಾವುದು ಮೊದಲೇ ಇದ್ದದ್ದು, ಯಾವುದು ಕ್ಯಾನ್ಸರ್‌ನ ವಿರುದ್ಧ ಹೊಸದಾಗಿ ಕಟ್ಟಿದ್ದು ಎಂದು ಬಿಡಿಸಿ ಹೇಳುವುದು ಪಳಗಿದ ಕಣ್ಣಿಗೂ ಕಷ್ಟ. ಕೆನ್ನೆಯಲ್ಲಿ ಆ ಗೊಂದಲ ಕಡಿಮೆ. ಇವು ಎಲ್ಲಿವೆ ಎನ್ನುವುದೂ ಮುಖ್ಯ. ಯಕೃತ್ತಿನಲ್ಲಿ ಗೆಡ್ಡೆಯ ಹೊರಗಿನ, ಕಾಯಿಲೆ ಬಿದ್ದ ಭಾಗದಲ್ಲಿ ಇವೇ ರಚನೆಗಳು ಹೆಚ್ಚಿದ್ದಾಗ ಕ್ಯಾನ್ಸರ್ ಮರಳುವ ಅಪಾಯ ಹೆಚ್ಚೆಂದು 2015ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಬಾಯಿಯ ಕ್ಯಾನ್ಸರ್‌ನ ಹಂತವನ್ನು ನಿರ್ಧರಿಸುವ ಟಿಎನ್‌ಎಂ ಪದ್ಧತಿಯ ಎಂಟನೆಯ ಆವೃತ್ತಿ ಗೆಡ್ಡೆಯ ಆಳವನ್ನೂ ಗ್ರಂಥಿಯ ಕವಚ ಒಡೆದಿದೆಯೇ ಎಂಬುದನ್ನೂ ಹೊಸದಾಗಿ ಸೇರಿಸಿಕೊಂಡಿತು. ಟಿಎಲ್‌ಎಸ್‌ಗೆ ಅದರಲ್ಲಿ ಸ್ಥಾನವಿಲ್ಲ.

ಇನ್ನೊಂದು ವಿಷಯವನ್ನು ತಮ್ಮನ ಗಮನಕ್ಕೆ ತರಲೇಬೇಕು. ವರದಿಯಲ್ಲಿ ಕಂಡ ಆ ಗರಡಿಗಳು ಈಗ ನಿಮ್ಮ ತಂದೆಯವರ ದೇಹದಲ್ಲಿ ಇಲ್ಲ. ಗೆಡ್ಡೆಯ ಜೊತೆಗೇ ಹೊರಗೆ ಬಂದು ಪ್ರಯೋಗಾಲಯದ ಮೇಣದ ಬಿಲ್ಲೆಯಲ್ಲಿವೆ. ಅಲ್ಲಿ ಪಳಗಿ ಹೊರಟ ಕೆಲವು ಕೋಶಗಳು ರಕ್ತದಲ್ಲಿ ಸುತ್ತುತ್ತಿರಬಹುದು, ಅವು ಕಾವಲೂ ಕಾಯಬಹುದು. ಆದರೆ ಗಮನಿಸಿ: ಅವೇ ಗರಡಿಗಳು ಇದ್ದಾಗಲೇ ಕ್ಯಾನ್ಸರ್ ನರದ ಸುತ್ತ ಹಬ್ಬಿದೆ, ಎರಡು ಗ್ರಂಥಿಗಳನ್ನೂ ತಲುಪಿದೆ. ದೇಹ ಸೆಣಸಿದೆ, ಗೆದ್ದಿಲ್ಲ.

ಆ ಎರಡು ಸಂಗತಿಗಳೇ ನಿಮ್ಮ ವೈದ್ಯರು ಕರೆಂಟ್ ಹೇಳಿದ್ದಕ್ಕೆ ಕಾರಣ. ಟಿಎನ್‌ಎಂ ಪದ್ಧತಿಯಲ್ಲಿ ಗೆಡ್ಡೆಯ ಅಳತೆ, ಆಳ ನೋಡಿದರೆ ಟಿ2 ಹಂತ. ಒಂದೇ ಬದಿಯ ಎರಡು ಗ್ರಂಥಿಗಳಲ್ಲಿ, ಕವಚ ಒಡೆಯದೆ ಇರುವುದರಿಂದ ಎನ್2ಬಿ. ಇಂಥಲ್ಲಿ ಕಣ್ಣಿಗೆ ಕಾಣದ ಕೋಶಗಳು ಕೆನ್ನೆಯ ಗುಂಡಿಯಲ್ಲೋ ಕುತ್ತಿಗೆಯಲ್ಲೋ ಉಳಿದಿರುವ ಸಾಧ್ಯತೆ ಇರುತ್ತದೆ, ಅವುಗಳನ್ನು ಕೊಲ್ಲಲು ವಾರಕ್ಕೆ ಐದು ದಿನದಂತೆ ಆರು ವಾರ, 30 ಬಾರಿ ವಿಕಿರಣ ಕೊಡುವುದು ಜಗತ್ತಿನೆಲ್ಲೆಡೆ ಒಪ್ಪಿತವಾದ ಕ್ರಮ. ಕವಚ ಒಡೆದಿದ್ದರೆ ಅಥವಾ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದ್ದರೆ ಕರೆಂಟ್ ಜೊತೆಗೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧವೂ ಬೇಕಾಗುತ್ತಿತ್ತು. 2004ರಲ್ಲಿ ಪ್ರಕಟವಾದ ಯುರೋಪ್ ಮತ್ತು ಅಮೆರಿಕದ ಎರಡು ದೊಡ್ಡ ಪರೀಕ್ಷೆಗಳಿಂದ ಬಂದ ತಿಳಿವಳಿಕೆ ಅದು. ನಿಮ್ಮ ತಂದೆಯವರಿಗೆ ಅವೆರಡೂ ಇಲ್ಲ. ಆ ವರದಿಯಲ್ಲಿ ನಿಜಕ್ಕೂ ಸಮಾಧಾನಪಡಬೇಕಾದ ಸಾಲು ಯಾವುದೆಂದು ನನ್ನನ್ನು ಕೇಳಿದರೆ, ಟಿಎಲ್‌ಎಸ್‌ಗಿಂತ ಮೊದಲು ‘ಗ್ರಂಥಿಯ ಕವಚ ಒಡೆದಿಲ್ಲ, ಅಂಚು ಸ್ವಚ್ಛವಾಗಿದೆ’ ಎಂಬುದನ್ನೇ ತೋರಿಸುತ್ತೇನೆ.

ಕರೆಂಟ್‌ನಿಂದ ಕಷ್ಟವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಎರಡನೆಯ ವಾರದಿಂದ ಬಾಯಿ ಹುಣ್ಣಾಗುತ್ತದೆ, ರುಚಿ ಹೋಗುತ್ತದೆ, ಎಂಜಲು ಅಂಟಂಟಾಗಿ ಆಮೇಲೆ ಒಣಗುತ್ತದೆ, ಊಟ ಇಳಿಯದೆ ತೂಕ ಕಡಿಮೆಯಾಗುತ್ತದೆ. ಕೆಲವರಿಗೆ ಮೂಗಿನ ನಳಿಕೆಯ ಮೂಲಕ ಆಹಾರ ಕೊಡಬೇಕಾಗುತ್ತದೆ. ಬಾಯಿ ತೆರೆಯುವ ವ್ಯಾಯಾಮವನ್ನು ದಿನವೂ ಮಾಡದಿದ್ದರೆ ದವಡೆ ಬಿಗಿಯುತ್ತದೆ. ಅಡಿಕೆ ಅಗಿದು ಕೆನ್ನೆಯ ಒಳಪದರ ನಾರುಗಟ್ಟಿದ್ದವರಿಗೆ ಈ ತೊಂದರೆ ಮೊದಲೇ ಇರುತ್ತದೆ. ಮುಂದಿನ ವರ್ಷಗಳಲ್ಲಿ ಥೈರಾಯ್ಡ್ ಕುಗ್ಗಬಹುದು, ಆದ್ದರಿಂದ ಟಿಎಸ್‌ಎಚ್ ಪರೀಕ್ಷೆಯನ್ನು ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಮಾಡಿಸುತ್ತಿರಬೇಕು. ಇಷ್ಟೆಲ್ಲ ತಿಳಿದೂ ನಾವು ಕರೆಂಟ್ ಹೇಳುವುದು, ಕುತ್ತಿಗೆಯಲ್ಲಿ ರೋಗ ಮರುಕಳಿಸಿದರೆ ಎರಡನೆಯ ಬಾರಿ ಅದನ್ನು ಹಿಡಿಯುವುದು ಬಹಳ ಕಷ್ಟ ಎಂಬ ಕಾರಣಕ್ಕೆ.

ಗ್ರಂಥಿಗಳನ್ನು ತೆಗೆದದ್ದರ ಬಗ್ಗೆ ಚಿಂತೆ ಬೇಡ. ದೇಹದಲ್ಲಿ ನೂರಾರು ದುಗ್ಧಗ್ರಂಥಿಗಳಿವೆ, ಕುತ್ತಿಗೆಯ ಇನ್ನೊಂದು ಬದಿಯೂ ಹಾಗೆಯೇ ಇದೆ. 34 ಹೋದರೆ ನಿರೋಧಕ ಶಕ್ತಿ ಹೋಗುವುದಿಲ್ಲ. ಕುತ್ತಿಗೆಯ ಗ್ರಂಥಿಗಳನ್ನು ಮೊದಲೇ ತೆಗೆಯುವುದರ ಲಾಭವನ್ನು ಜಗತ್ತಿಗೆ ಖಚಿತವಾಗಿ ತೋರಿಸಿದ್ದು ನಮ್ಮದೇ ದೇಶದ ಪರೀಕ್ಷೆ. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 2015ರಲ್ಲಿ ಪ್ರಕಟಿಸಿದಂತೆ, ಆರಂಭಿಕ ಹಂತದ ಬಾಯಿಯ ಕ್ಯಾನ್ಸರ್‌ನಲ್ಲಿ ಗ್ರಂಥಿಗಳನ್ನು ಮೊದಲ ಆಪರೇಷನ್‌ನಲ್ಲೇ ತೆಗೆಸಿಕೊಂಡವರಲ್ಲಿ ಮೂರು ವರ್ಷದ ನಂತರ ಶೇ. 80ರಷ್ಟು ಮಂದಿ ಬದುಕಿದ್ದರು. ಗ್ರಂಥಿ ಕಾಣಿಸಿಕೊಂಡ ಮೇಲೆ ತೆಗೆಸೋಣ ಎಂದು ಕಾದವರಲ್ಲಿ ಶೇ. 67.5.

ನಿರೋಧಕ ಶಕ್ತಿಯ ಪುಡಿ, ಮಾತ್ರೆಗಳ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ಗೆಡ್ಡೆಯಲ್ಲಿ ಟಿಎಲ್‌ಎಸ್ ಬೆಳೆಸುವ ಪುಡಿಯಾಗಲಿ, ಕಷಾಯವಾಗಲಿ, ಮಾತ್ರೆಯಾಗಲಿ ಅಂಗಡಿಯಲ್ಲಿ ಸಿಗುವುದಿಲ್ಲ. ಇಲಿಗಳಲ್ಲಿ ಅಂಥ ಪ್ರಯತ್ನ ನಡೆಯುತ್ತಿದೆ, ಅಷ್ಟೆ. ‘ಲಾಭವಿಲ್ಲದಿದ್ದರೂ ನಷ್ಟವೇನು’ ಎಂದು ಹಲವರು ಕೇಳುತ್ತಾರೆ. ಕೆನಡಾದ ಕ್ವಿಬೆಕ್‌ನಲ್ಲಿ ತಲೆ-ಕುತ್ತಿಗೆಯ ಕ್ಯಾನ್ಸರ್‌ಗೆ ವಿಕಿರಣ ಪಡೆಯುತ್ತಿದ್ದ 540 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಹೆಚ್ಚಿನ ಪ್ರಮಾಣದ ವಿಟಮಿನ್ ಇ ಕೊಟ್ಟು ನೋಡಿದರು. ಆರಂಭದಲ್ಲಿ ಜೊತೆಗೆ ಬೀಟಾ ಕ್ಯಾರೊಟಿನ್ ಕೂಡ ಇತ್ತು. ಮಾತ್ರೆ ತೆಗೆದುಕೊಳ್ಳುತ್ತಿದ್ದ ಅವಧಿಯಲ್ಲಿ ಆ ಗುಂಪಿನವರಿಗೇ ಎರಡನೆಯ ಕ್ಯಾನ್ಸರ್ ಹೆಚ್ಚಾಗಿ ಬಂತು, ಮುಂದೆ ಸಾವೂ ಅವರಲ್ಲೇ ಹೆಚ್ಚಾಯಿತು. ವಿಕಿರಣ ಕೊಲ್ಲಬೇಕಾದ ಕೋಶಗಳನ್ನು ಇಂಥ ಮಾತ್ರೆಗಳು ಕಾಪಾಡಲೂಬಹುದು. ತಂದೆಯವರಿಗೆ ಬೇಕಾದ ಶಕ್ತಿ ಮೊಟ್ಟೆ, ಹಾಲು, ಮೊಸರು, ಬೇಳೆಯ ಕಟ್ಟು, ತುಪ್ಪ ಬೆರೆಸಿದ ರಾಗಿ ಗಂಜಿ ಇಂಥವುಗಳಲ್ಲಿದೆ. ಬಾಯಿ ಹುಣ್ಣಾದಾಗ ಖಾರ, ಹುಳಿ ಬೇಡ. ಎಲ್ಲವೂ ನುಣ್ಣಗೆ, ಆರಿದ ಮೇಲೆ. ಪ್ರತಿ ವಾರ ತೂಕ ನೋಡಿ ಬರೆದಿಡಿ.

ಇಮ್ಯುನೊಥೆರಪಿಯ ಪ್ರಶ್ನೆಗೆ ಉತ್ತರ ಕೊಂಚ ಉದ್ದವಾಗುತ್ತದೆ, ತೋಟ ಅಡವಿಡುವ ಮಾತು ಬಂದಿರುವುದರಿಂದ ಅವಸರದಲ್ಲಿ ಮುಗಿಸುವಂತೆಯೂ ಇಲ್ಲ. ಕ್ಯಾನ್ಸರ್ ಕೋಶಗಳು ಟಿ ಕೋಶಗಳಿಗೆ ಹಾಕುವ ಪಿಡಿ-1 ಎಂಬ ತಡೆಯನ್ನು ಈ ಔಷಧಗಳು ತೆಗೆಯುತ್ತವೆ. ನಿವೊಲುಮ್ಯಾಬ್ 2016ರಲ್ಲಿ, ಪೆಂಬ್ರೊಲಿಝುಮ್ಯಾಬ್ 2019ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಗಳಲ್ಲಿ ಫಲ ತೋರಿದ್ದು ರೋಗ ಮರುಕಳಿಸಿದವರಲ್ಲಿ ಅಥವಾ ದೂರದ ಅಂಗಗಳಿಗೆ ಹಬ್ಬಿದವರಲ್ಲಿ. ನಿಮ್ಮ ತಂದೆಯವರು ಆ ಗುಂಪಿನವರಲ್ಲ. 2025ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ, ಆಪರೇಷನ್ ಮಾಡಬಹುದಾದ, ಮುಂದುವರಿದ ಹಂತದ 714 ಮಂದಿಯಲ್ಲಿ ಒಂದು ಗುಂಪಿಗೆ ಆಪರೇಷನ್‌ಗೆ ಮೊದಲು ಎರಡು ಬಾರಿ, ಆಮೇಲೂ ಮುಂದುವರಿಸಿ ಪೆಂಬ್ರೊಲಿಝುಮ್ಯಾಬ್ ಕೊಟ್ಟಾಗ ರೋಗ ಮರಳುವುದು ಕಡಿಮೆಯಾಯಿತು. ನಿಮಗೆ ಇದನ್ನು ಯಾರಾದರೂ ತೋರಿಸಬಹುದು. ಅಲ್ಲಿ ಔಷಧ ಶುರುವಾಗಿದ್ದು ಗೆಡ್ಡೆ ದೇಹದೊಳಗೆ ಇದ್ದಾಗಲೇ ಎಂಬುದನ್ನು ಮರೆಯಬೇಡಿ. ಆ ಹೊತ್ತು ನಿಮ್ಮ ತಂದೆಯವರ ಪಾಲಿಗೆ ದಾಟಿದೆ. ಎಲ್ಲ ಚಿಕಿತ್ಸೆ ಮುಗಿದ ಮೇಲೆ ಇದೇ ವರ್ಗದ ಅಟೆಝೊಲಿಝುಮ್ಯಾಬ್ ಕೊಟ್ಟು ನೋಡಿದ ಬೇರೊಂದು ಪರೀಕ್ಷೆಯಲ್ಲಿ ಲಾಭ ಕಾಣಲಿಲ್ಲ. ಔಷಧದಿಂದ ಶ್ವಾಸಕೋಶ, ಕರುಳು, ಥೈರಾಯ್ಡ್‌ಗಳಲ್ಲಿ ಉರಿಯೂತ ಬರುವ ಅಪಾಯವೂ ಇದೆ. ಟಿಎಲ್‌ಎಸ್ ಇದೆ ಎಂಬ ಕಾರಣಕ್ಕೆ ಬಾಯಿಯ ಕ್ಯಾನ್ಸರ್‌ಗೆ ಇಮ್ಯುನೊಥೆರಪಿ ಶುರುಮಾಡಬೇಕೆಂದು ಯಾವ ಮಾರ್ಗಸೂಚಿಯೂ ಹೇಳುವುದಿಲ್ಲ. ಆದ್ದರಿಂದ ಈಗ ತೋಟ ಅಡವಿಡಬೇಡಿ. ಹಾಗಾಗದಿರಲಿ, ಮುಂದೆಂದಾದರೂ ರೋಗ ಮರುಕಳಿಸಿದರೆ ಆಗ ಈ ದಾರಿ ತೆರೆದಿರುತ್ತದೆ. ವಾಸಿಮಾಡಲಾಗದ ಹಂತ ತಲುಪಿದ ರೋಗಿಗಳಲ್ಲಿ ಟಾಟಾ ಮೆಮೋರಿಯಲ್‌ನವರು, ಸಣ್ಣ ಪ್ರಮಾಣದ ಕೀಮೋ ಮಾತ್ರೆಗಳ ಜೊತೆಗೆ ಮೂರು ವಾರಕ್ಕೊಮ್ಮೆ ಕೇವಲ 20 ಮಿ.ಗ್ರಾಂ ನಿವೊಲುಮ್ಯಾಬ್ ಕೊಟ್ಟಾಗ ಒಂದು ವರ್ಷ ಬದುಕುಳಿದವರ ಪ್ರಮಾಣ ಶೇ. 16.3ರಿಂದ 43.4ಕ್ಕೆ ಏರಿತು. ವಾಡಿಕೆಯ ಪ್ರಮಾಣದ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ ಔಷಧ ಅದು. ತೋಟ ಮಾರದೆ ಚಿಕಿತ್ಸೆ ಪಡೆಯಲು ಇಂಥ ಅಧ್ಯಯನಗಳೇ ದಾರಿ ಮಾಡಬೇಕು ಎಂದು ನಂಬಿದವನು ನಾನು.

ವಿದೇಶದ ವರದಿಗಳನ್ನು ಓದುವಾಗ ಇನ್ನೊಂದು ಎಚ್ಚರ ಬೇಕು. ಅಲ್ಲಿನ ತಲೆ-ಕುತ್ತಿಗೆಯ ಕ್ಯಾನ್ಸರ್‌ಗಳಲ್ಲಿ ದೊಡ್ಡ ಪಾಲು ಎಚ್‌ಪಿವಿ ವೈರಸ್‌ನಿಂದ ಟಾನ್ಸಿಲ್ ಮತ್ತು ನಾಲಿಗೆಯ ಬುಡದಲ್ಲಿ ಬರುವಂಥದ್ದು. ಪಿಟ್ಸ್‌ಬರ್ಗ್‌ನ ತಂಡಕ್ಕೆ ಪಕ್ವವಾದ ರಚನೆಗಳು ಹೆಚ್ಚು ಸಿಕ್ಕಿದ್ದು ಆ ರೋಗಿಗಳಲ್ಲೇ, ಆ ಕ್ಯಾನ್ಸರ್ ಚಿಕಿತ್ಸೆಗೆ ಬಗ್ಗುವುದೂ ಹೆಚ್ಚು. 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಗಂಟಲಿನ ಆ ಭಾಗದ ಕ್ಯಾನ್ಸರ್ ಇದ್ದವರ ಪೈಕಿ ಎಚ್‌ಪಿವಿ ಇದ್ದವರಲ್ಲಿ ಶೇ. 82.4, ಇಲ್ಲದವರಲ್ಲಿ ಶೇ. 57.1 ಮಂದಿ ಮೂರು ವರ್ಷದ ನಂತರವೂ ಬದುಕಿದ್ದರು. ನಮ್ಮ ಕಡೆಯ ಕೆನ್ನೆ, ವಸಡಿನ ಕ್ಯಾನ್ಸರ್ ಹೆಚ್ಚಾಗಿ ಹೊಗೆಸೊಪ್ಪು, ಅಡಿಕೆಯಿಂದ ಬರುವಂಥದ್ದು. ಅವರ ಅಂಕಿಗಳನ್ನು ನೇರವಾಗಿ ನಿಮ್ಮ ತಂದೆಯವರಿಗೆ ಅನ್ವಯಿಸಬೇಡಿ ಎಂದು ತಮ್ಮನಿಗೆ ತಿಳಿಸಿ.

ಬರೀ ಅಡಿಕೆಯ ಮಾತು. ಅಡಿಕೆ ಬೆಳೆದು ಬದುಕುವ ಮನೆಗೆ ಇದನ್ನು ಬರೆಯುವುದು ನನಗೆ ಸುಲಭವಲ್ಲ, ಆದರೂ ಮರೆಮಾಚಲಾರೆ. ಹೊಗೆಸೊಪ್ಪು ಬೆರೆಯದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ಪ್ರಕಟಿಸಿದೆ. ಮೂವತ್ತೆಂಟು ವರ್ಷ ಅದರ ರಸದಲ್ಲಿ ನೆನೆದ ಬಾಯಿಯ ಉಳಿದ ಭಾಗದಲ್ಲೂ ಬದಲಾವಣೆಗಳು ಶುರುವಾಗಿರಬಹುದು, ಬಲಗೆನ್ನೆಯಲ್ಲಿ ಹೊಸ ಕ್ಯಾನ್ಸರ್ ಹುಟ್ಟಲೂಬಹುದು. ಪೂರ್ತಿ ಬಿಡಬೇಕು. ಬೆಳಗಿನ ಕಾಫಿಯಾದ ಮೇಲೆ ಕೈ ತಾನಾಗಿ ಸಂಚಿಗೆ ಹೋಗುತ್ತದೆ ಎಂದು ರೋಗಿಗಳು ಹೇಳುವುದನ್ನು ಕೇಳಿದ್ದೇನೆ. ಆ ಸಂಚಿ ಮನೆಯ ಕಣ್ಣಳತೆಯಲ್ಲೇ ಇರದಂತೆ ನೀವು ನೋಡಿಕೊಳ್ಳಿ, ಜೊತೆಗೆ ಕೂತು ಹಾಕಿಕೊಳ್ಳುವ ನೆಂಟರಿಗೂ ಹೇಳಿ.

ವರದಿಯ ಬಗ್ಗೆ ಅನುಮಾನ ಉಳಿದಿದ್ದರೆ ಎರಡನೆಯ ಅಭಿಪ್ರಾಯ ಕೇಳುವುದು ನಿಮ್ಮ ಹಕ್ಕು. ಆಸ್ಪತ್ರೆಯಿಂದ ಸ್ಲೈಡುಗಳನ್ನೂ ಮೇಣದ ಬ್ಲಾಕ್‌ಗಳನ್ನೂ ಬರೆದುಕೊಟ್ಟು ಪಡೆದು, ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಕ್ಯಾನ್ಸರ್ ಕೇಂದ್ರದಲ್ಲಿ ತೋರಿಸಬಹುದು. ಬ್ಲಾಕ್‌ಗಳನ್ನು ಬಿಸಿಲಿನಲ್ಲಿ, ಕಾರಿನೊಳಗೆ ಬಿಡಬೇಡಿ, ಮೇಣ ಕರಗುತ್ತದೆ.

ಆದರೆ ಅದಕ್ಕಾಗಿ ಕರೆಂಟ್ ಮುಂದೂಡಬೇಡಿ. ಆಪರೇಷನ್ ಆದ ಆರು ವಾರದೊಳಗೆ ಅದು ಶುರುವಾಗಬೇಕು, ಅಂದರೆ 42 ದಿನ. ನೀವು ಬರೆದ ದಿನಕ್ಕೆ 24 ಕಳೆದಿವೆ, ಉಳಿದದ್ದು 18. ಹಾಳಾದ ಹಲ್ಲುಗಳಿದ್ದರೆ ಕರೆಂಟ್‌ಗೆ ಮೊದಲೇ ಕೀಳಿಸಬೇಕು, ಏಕೆಂದರೆ ವಿಕಿರಣ ಬಿದ್ದ ದವಡೆಯಲ್ಲಿ ಆಮೇಲೆ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆಯೇ ಕೊಳೆಯಬಹುದು. ಕಿತ್ತ ಗಾಯ ಆರಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಮುಖಕ್ಕೆ ಅಚ್ಚಿನ ಮುಖವಾಡ ಮಾಡಿ, ಸಿ.ಟಿ. ತೆಗೆದು ಯೋಜನೆ ಹಾಕಲು ಇನ್ನೂ ಕೆಲವು ದಿನ ಹಿಡಿಯುತ್ತದೆ. ಗಾಯ ಆರುತ್ತಿರುವಾಗಲೇ ಆ ಕೆಲಸವೂ ಸಾಗಬೇಕು. ನಾಳೆಯೇ ತಂದೆಯವರನ್ನು ದಂತವೈದ್ಯರ ಬಳಿ ಕರೆದುಕೊಂಡು ಹೋಗಿ.